ಸೂರಪ್ಪ ದೇಶ ನೋಡಲು ಹೊರಟದ್ದು

ಮಿಲ್ಲಿನ ಆಫೀಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದ ಸಂಗತಿಯನ್ನು ಸೂರಪ್ಪ ಮನೆಯಲ್ಲಿ ಹೇಳಿದ್ದು ಎರಡನೆಯ ರೊಟ್ಟಿ ಮುರಿಯುತ್ತಿರುವಾಗ. ಹೇಳಿದವನೇ ಪುಂಡಿಪಲ್ಯ ಇನ್ನಷ್ಟು ಹಾಕು ಎಂದು ತಟ್ಟೆಯನ್ನು ಮುಂದಕ್ಕೆ ಸರಿಸಿದ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಮಲಕ್ಕನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಾಗಲೇ ಆಕೆಗೆ ಎಚ್ಚರವಾದದ್ದು.

"ಆಫೀಸಿನಾಗೆ ಯಾರಾದ್ರೂ ಏನಾದ್ರೂ ಅಂದ್ರೇನು?" ಎಂದಳು.

"ಯಾರೂ ಏನೂ ಅನ್ನಲಿಲ್ಲ. ನಾನೇ ಬಿಟ್ಟೆ. ಬೆನ್ನಿಗೊಂದು ಚೀಲ ಹಾಕ್ಕೊಂಡು ದೇಶ ನೋಡಿ ಬರಬೇಕು ಅಂತ ಐತೆ."

ಎದುರಿಗೆ ಉಣ್ಣುತ್ತಿದ್ದ ಮಗ ಬೊಮ್ಮಣ್ಣ ತಲೆ ಎತ್ತಿದ. ಅವನಿಗೆ ಇಪ್ಪತ್ತು ವರ್ಷ. ಹರಿಹರದ ಕಾರ್ಖಾನೆಗೆ ಸೇರಿ ವರ್ಷವಾಗಿತ್ತು. ಚಿಕ್ಕಂದಿನಿಂದಲೂ ಮನೆಯಲ್ಲಿ ಎಲ್ಲರಿಗಿಂತ ಗಂಭೀರನಾದವನು ಅವನೇ.

"ಯಾವ ದೇಶ?" ಎಂದು ಕೇಳಿದ.

"ನಮ್ಮದೇ. ಮೇಲೆ ಹಿಮಾಲಯದ ತನಕ."

ಬೊಮ್ಮಣ್ಣ ಕೈ ತೊಳೆದು ಎದ್ದುಹೋದ. ಅಂದು ಅವನು ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಇದು ನಡೆದದ್ದು ಸಾವಿರದ ಒಂಬೈನೂರ ಅರವತ್ತನೆಯ ಇಸವಿ, ಸಂಕ್ರಾಂತಿ ಕಳೆದ ಮೇಲೆ. ಸೂರಪ್ಪ ಹರಿಹರದಿಂದ ದಾವಣಗೆರೆಗೆ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತ ಇಪ್ಪತ್ತು ವರ್ಷ ಕಳೆದಿದ್ದ. ಮಿಲ್ಲಿನಿಂದ ಹೊರಡುವ ಬಟ್ಟೆಯ ಬೇಲುಗಳಿಗೆ ವಿಳಾಸ ಬರೆಸಿ, ರೈಲಿಗೆ ಹಾಕಿಸಿ, ರಸೀದಿ ಪಡೆಯುವುದು ಅವನ ಕೆಲಸ. ಕಾನ್ಪುರ, ಅಮೃತಸರ, ಡೆಹರಾಡೂನ್ ಎಂದು ದಿನವೂ ಬರೆಸುತ್ತಿದ್ದವನು ಸ್ವತಃ ಹುಬ್ಬಳ್ಳಿ ದಾಟಿರಲಿಲ್ಲ. ಹುಬ್ಬಳ್ಳಿಗೆ ಹೋದದ್ದೂ ಯಾರದೋ ಮದುವೆಗೆ, ರಾತ್ರಿ ಇಳಿದು ಬೆಳಿಗ್ಗೆ ಹತ್ತಿ ಬಂದದ್ದು. ಮೊದಲು ಅವನು ರಜೆಯನ್ನೇ ಕೇಳಿದ್ದ. ಹೆಡ್ ಕ್ಲರ್ಕು ಹದಿನೈದು ದಿನದ ಮೇಲೆ ಒಂದು ದಿನವೂ ಆಗದು ಎಂದು ನಕ್ಕರು. ಆ ನಗು ಇವನಿಗೆ ಸರಿಬರಲಿಲ್ಲ. ಮಧ್ಯಾಹ್ನವೇ ಬರೆದು ಕೊಟ್ಟ. ಇಷ್ಟೇ ನಡೆದದ್ದು ಎಂದು ಅವನು ಹೆಂಡತಿಗೆ ಹೇಳಿದಾಗ, ಅಷ್ಟಕ್ಕೇ ಬಿಟ್ಟಿರಾ ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ಅಷ್ಟಕ್ಕೇ ಎಂದು ಅವನೂ ಮತ್ತೆ ಮತ್ತೆ ಹೇಳಿದ.

ಸೂರಪ್ಪನ ತಾಯಿ ಕಾಟಮ್ಮ ಎರಡು ದಿನ ಅತ್ತು ಮೂರನೆಯ ದಿನ ಒಂದು ದಾರಿ ಹುಡುಕಿದಳು. ಮಗ ಕಾಶಿಯಾತ್ರೆಗೆ ಹೋಗುತ್ತಾನೆಂದು ಓಣಿಯಲ್ಲಿ ಹೇಳಿದರಾಯಿತು. ದೇವರ ಕೆಲಸಕ್ಕೆ ನೌಕರಿ ಬಿಟ್ಟರೆ ಯಾರೂ ಆಡಿಕೊಳ್ಳುವುದಿಲ್ಲ, ಬದಲಿಗೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಇದನ್ನು ಆಕೆ ಬಹಳ ಸಮಾಧಾನದಿಂದ ಮಗನಿಗೆ ವಿವರಿಸಿದಳು.

"ಕಾಶಿ ದಾರ್ಯಾಗೆ ಬಂದ್ರೆ ನೋಡ್ತೀನಿ," ಎಂದ ಸೂರಪ್ಪ. "ಯಾತ್ರೆ ಅಂತ ಮಾತ್ರ ಹೇಳಬ್ಯಾಡವ್ವ. ನಾನು ಯಾವ ಹರಕೇನೂ ಹೊತ್ತಿಲ್ಲ. ಸುಮ್ಮನೆ ನೋಡಾಕೆ ಹೊಂಟೀನಿ."

"ಸುಮ್ಮನೆ ಯಾರಾದ್ರೂ ಹೋಗ್ತಾರೇನೋ?"

ಹೋಗುತ್ತಾರೆ ಎಂದು ಅವನು ಹೇಳಿದ. ಯಾರು ಎಂದು ಆಕೆ ಕೇಳಿದಾಗ ಅವನಿಗೆ ಒಂದು ಹೆಸರೂ ಹೊಳೆಯಲಿಲ್ಲ.

ಆ ವಾರವೇ ಚೀಲ ಬಂತು. ದಾವಣಗೆರೆಯ ಸಂತೆಯಲ್ಲಿ ಮಿಲಿಟರಿಯವರ ಹಳೆಯ ಸಾಮಾನು ಮಾರುವ ಶಬ್ಬೀರ್ ಅದನ್ನು ಕೊಟ್ಟಿದ್ದ. ಖಾಕಿ ಬಣ್ಣದ ಚೀಲ, ಹಿಂದೆ ಮುಂದೆ ಪಟ್ಟಿಗಳು, ಬಕಲ್ಲುಗಳು. ಜೊತೆಗೊಂದು ಜೊತೆ ಬೂಟು. ಕಾಟಮ್ಮ ಚೀಲವನ್ನು ದೂರದಿಂದಲೇ ನೋಡಿ, ಕತ್ತೆಯ ಮೇಲೆ ಹೇರುವ ಹಸಿಬೆಯೂ ಇದಕ್ಕಿಂತ ಲಕ್ಷಣವಾಗಿರುತ್ತದೆ ಎಂದಳು. ಸೂರಪ್ಪ ಅದನ್ನು ಬೆನ್ನಿಗೇರಿಸಿ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ತಿರುಗುವಾಗ ಚೀಲ ತಾಗಿ ಗೂಡಿನಲ್ಲಿದ್ದ ಲಾಟೀನಿನ ಗಾಜು ಒಡೆಯಿತು.

ಕಮಲಕ್ಕ ಗಾಜಿನ ಚೂರು ಆರಿಸುತ್ತ ಒಂದು ಪ್ರಶ್ನೆ ಕೇಳಿದಳು. ದಾರಿಯಲ್ಲಿ ಇವರಿಗೆ ಅಡುಗೆ ಮಾಡುವವರು ಯಾರು?

ಅದನ್ನು ಸೂರಪ್ಪ ಯೋಚಿಸಿರಲಿಲ್ಲ. ಬಟ್ಟೆ ಒಗೆಯುವವರು ಯಾರೆಂಬುದನ್ನೂ ಯೋಚಿಸಿರಲಿಲ್ಲ. ಅವನಿಗೆ ಮನೆಯಲ್ಲಿ ಉಪ್ಪು ಯಾವ ಮಡಕೆಯಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಕಮಲಕ್ಕ ಮರುದಿನದಿಂದ ಅವನನ್ನು ಒಲೆಯ ಮುಂದೆ ಕೂರಿಸಿದಳು. ಅದು ಪ್ರೀತಿಯಿಂದ ಮಾಡಿದ ಕೆಲಸವಲ್ಲ. ಈ ಮನುಷ್ಯ ಯಾವುದೋ ಊರಿನಲ್ಲಿ ಉಪವಾಸ ಬಿದ್ದು, ಅಲ್ಲಿಂದ ತಂತಿ ಬಂದು, ತಾನು ಅಲ್ಲಿಗೆ ಓಡಬೇಕಾದೀತೆಂಬ ಸಿಟ್ಟಿನಿಂದ ಮಾಡಿದ್ದು.

ಮೊದಲ ದಿನದ ಅನ್ನ ಗಂಜಿಯಾಯಿತು, ಎರಡನೆಯ ದಿನದ್ದು ತಳ ಹಿಡಿಯಿತು. ಉಪ್ಪಿಟ್ಟಿಗೆ ನೀರು ಎಷ್ಟು ಎಂದು ಅವನು ಕೇಳಿದರೆ, ಕಣ್ಣಳತೆ ಎಂದು ಆಕೆ ಹೇಳುವಳು. ಯಾರ ಕಣ್ಣಳತೆ ಎಂದು ಅವನು ಕೇಳುವನು. ಆಕೆ ಚೊಂಬನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುವಳು. ಬನಿಯನ್ನು ಒಗೆಯಲು ಕೂತವನು ಒಂದೇ ಬನಿಯನ್ನಿಗೆ ಅರ್ಧ ಬಾರು ಸಾಬೂನು ಕರಗಿಸಿದ.

"ಸಾಬೂನಿಂದ ಬಟ್ಟೆ ಒಗೀತೀರೋ, ಬಟ್ಟೆಯಿಂದ ಸಾಬೂನು ಒಗೀತೀರೋ?" ಎಂದಳು ಕಮಲಕ್ಕ.

ಮಗ ಒಲೆ ಊದುವುದನ್ನು ಓಣಿಯವರು ನೋಡಬಾರದೆಂದು ಕಾಟಮ್ಮ ಬೀದಿಯ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಆದರೆ ಒಗೆದ ಬಟ್ಟೆ ಹಿತ್ತಿಲಿನಲ್ಲಿ ಒಣಹಾಕಲೇಬೇಕಲ್ಲ. ಪಕ್ಕದ ಮನೆಯ ರಶೀದಾ ಸೂರಪ್ಪ ಬಟ್ಟೆ ಹರವುವುದನ್ನು ಗೋಡೆಯಾಚೆಯಿಂದ ನೋಡಿ, ಕಮಲಕ್ಕನಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದು, ಒಂದು ಬಟ್ಟಲು ಗಂಜಿ ಕಳಿಸಿದಳು. ಕಮಲಕ್ಕ ನಿಜ ಹೇಳಲು ನಾಚಿ ಅದನ್ನು ಕುಡಿದುಬಿಟ್ಟಳು.

ನಡೆಯುವ ಅಭ್ಯಾಸವೂ ಆಗಬೇಕಿತ್ತು. ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಸ್ಕೌಟ್ ಹುಡುಗರು ಬಿಡಾರ ಹೂಡುವುದನ್ನು ಸೂರಪ್ಪ ಒಮ್ಮೆ ನೋಡಿದ್ದ. ತಾನೂ ಅಲ್ಲಿಗೆ ನಡೆದುಹೋಗಿ, ಒಂದು ರಾತ್ರಿ ಉಳಿದು ಬರುತ್ತೇನೆಂದು ಚೀಲ ಹೊತ್ತು ಹೊರಟ. ಅಂದೇ ಸಂಜೆ ಯಾರದೋ ಗಾಡಿಯಲ್ಲಿ, ಶೇಂಗಾ ಚೀಲಗಳ ಮೇಲೆ ಕೂತು, ಬೂಟುಗಳನ್ನು ಕೈಯಲ್ಲಿ ಹಿಡಿದು ವಾಪಸು ಬಂದ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು. ಬೊಮ್ಮಣ್ಣ ಅಪ್ಪನ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಒಂದೇ ಮಾತು ಹೇಳಿದ.

"ಅಪ್ಪಾಜಿ, ನಾನು ದುಡಿಯಾಕೆ ಸೇರಿದ್ದು ನೀಲಾನ ಮದುವೆಗೆ ಒಂದು ಕೈ ಆಗ್ಲಿ ಅಂತ. ನಿಮ್ಮ ಕಾಲಿಗೆ ಎಣ್ಣೆ ಹಚ್ಚಾಕೆ ಅಲ್ಲ."

ಸೂರಪ್ಪ ಕಾಲನ್ನು ಹಿಂದಕ್ಕೆಳೆದುಕೊಂಡ. ಬೊಮ್ಮಣ್ಣ ಅದನ್ನು ಮತ್ತೆ ಎಳೆದು ಎಣ್ಣೆ ಹಚ್ಚಿದ.

ನೀಲಾ ಬೊಮ್ಮಣ್ಣನ ತಂಗಿ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಳು. ದಾವಣಗೆರೆಯ ಪಿ.ಜೆ. ಬಡಾವಣೆಯ ಕೆಂಚವೀರಪ್ಪನವರ ಮಗನಿಗೆ ಅವಳನ್ನು ಕೇಳಿದ್ದರು. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಬಂದು ನೋಡಿ ಒಪ್ಪಿಯೂ ಆಗಿತ್ತು, ನಿಶ್ಚಯ ಮಾಡುವುದೊಂದೇ ಉಳಿದಿತ್ತು. ನೀಲಾಗೂ ಹುಡುಗ ಮನಸ್ಸಿಗೆ ಬಂದಿದ್ದ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಬಂದುಹೋದ ದಿನದಿಂದ ಅವಳು ಬೇಸರವಿಲ್ಲದೆ ಬಾವಿಯಿಂದ ನೀರು ತರುತ್ತಿದ್ದುದನ್ನು ನೋಡಿ ತಾಯಿ ತಿಳಿದುಕೊಂಡಿದ್ದಳು.

ಸೂರಪ್ಪ ಕೆಲಸ ಬಿಟ್ಟ ಸುದ್ದಿ ದಾವಣಗೆರೆ ಮುಟ್ಟದೆ ಇರುತ್ತದೆಯೇ? ಒಂದು ಭಾನುವಾರ ಕೆಂಚವೀರಪ್ಪನವರು ಹೇಳದೆ ಕೇಳದೆ ಹರಿಹರಕ್ಕೆ ಬಂದರು. ಅವರು ಅಂಗಳಕ್ಕೆ ಕಾಲಿಟ್ಟಾಗ ಸೂರಪ್ಪ ಲುಂಗಿ ಎತ್ತಿಕಟ್ಟಿ ತನ್ನ ಅಂಗಿ ಹಿಂಡುತ್ತಿದ್ದ. ಚೀಲವನ್ನೂ ತೊಳೆದು ಬೇಲಿಯ ಮೇಲೆ ಹರವಿದ್ದ. ಬರ್ರಿ, ಕೂಡ್ರಿ ಎಂದು ಒದ್ದೆ ಕೈಯಲ್ಲೇ ಕುರ್ಚಿ ಹಾಕಿದ.

ಕಾಟಮ್ಮ ಒಳಗಿನಿಂದ ಓಡಿಬಂದು, ಮಗ ಕಾಶಿಗೆ ಹೊರಟಿದ್ದಾನೆ, ಯಾತ್ರೆಗೆ ಹೊರಟವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು ಎಂಬ ನೇಮವಿದೆ ಎಂದಳು. ಕೆಂಚವೀರಪ್ಪನವರ ಮುಖ ಸಡಿಲಾಯಿತು. ಕಾಶಿಯೆಂದರೆ ಒಳ್ಳೆಯದೇ, ತಮ್ಮ ತಂದೆಯವರೂ ಹೋಗಿದ್ದರು, ಹಿಂದಿರುಗಿ ಬಂದ ಮೇಲೆ ಮತ್ತೆ ಕೆಲಸಕ್ಕೆ ಸೇರುತ್ತೀರಲ್ಲ ಎಂದು ಕೇಳಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಕಮಲಕ್ಕ ಕದಕ್ಕೆ ಕಿವಿ ಹಚ್ಚಿದಳು.

"ಯಾತ್ರೆ ಅಲ್ರಿ," ಎಂದ ಸೂರಪ್ಪ. "ನಮ್ಮವ್ವ ಹಂಗಂತಾಳೆ. ನಾನು ಬರೇ ಊರು ನೋಡಾಕೆ ಹೊಂಟಿರೋದು. ಕೆಲಸ ಬಿಟ್ಟಿದ್ದು ಬಿಟ್ಟಂಗೇ."

ಕೆಂಚವೀರಪ್ಪನವರು ಕಾಫಿ ಕುಡಿದರು, ಮಳೆ ಬೆಳೆಯ ಮಾತಾಡಿದರು, ಮರ್ಯಾದೆಯಿಂದಲೇ ಎದ್ದುಹೋದರು. ಆ ವಾರ ಕಳೆಯುವುದರೊಳಗೆ ಮಧ್ಯಸ್ಥರ ಕೈಲಿ ಹೇಳಿಕಳಿಸಿದರು. ಹುಡುಗಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಕಾರಣವಿಲ್ಲದೆ ಮನೆ ಬಿಟ್ಟು ಹೋಗುವ ಯಜಮಾನನ ಮನೆಯಿಂದ ಹೆಣ್ಣು ತರಲು ತಮ್ಮ ಕಡೆಯವರು ಹಿಂದೆಗೆಯುತ್ತಿದ್ದಾರೆ.

ಆ ದಿನ ಸಂಜೆ ನೀಲಾ ಅಪ್ಪನ ತಟ್ಟೆಗೆ ಅನ್ನ ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಿಂತಳು.

"ಕಾಶಿ ಅಂದಿದ್ರೆ ಸಾಕಾಗಿತ್ತಲ್ಲ ಅಪ್ಪಾಜಿ."

"ಸುಳ್ಳು ಹೇಳಿ ಮಾಡೋ ಸಂಬಂಧ..." ಎಂದು ಸೂರಪ್ಪ ಶುರುಮಾಡಿದ.

"ಆಫೀಸಿನಾಗೆ ಸಾಹೇಬರು ಕೇಳಿದಾಗೆಲ್ಲ ಎಲ್ಲಾ ಚೆನ್ನಾಗೈತೆ ಅಂತಿದ್ರಿ. ಬ್ಯಾಸರ ಇದ್ರೂ ಹಂಗಂದೆ ಅಂತ ಮನೆಗೆ ಬಂದು ನೀವೇ ಹೇಳ್ತಿದ್ರಿ ನಮ್ಗೆ. ಅದು ಸುಳ್ಳಾಗಿರಲಿಲ್ಲೇನು? ಇಪ್ಪತ್ತು ವರ್ಷ ಅವರಿಗೆ ಹೇಳಾಕೆ ಬಂತು. ನನಗೋಸ್ಕರ ಒಂದು ಹೇಳಾಕೆ ಬರಲಿಲ್ಲ."

ಇಷ್ಟು ಹೇಳಿ ಸೌಟನ್ನು ಪಾತ್ರೆಯಲ್ಲಿಟ್ಟು ಹೋದಳು. ಅಂದಿನಿಂದ ಅಪ್ಪನೊಡನೆ ಮಾತು ನಿಲ್ಲಿಸಿದಳು. ಕರೆದರೆ ಬರುವಳು, ಕೇಳಿದ್ದನ್ನು ತಂದುಕೊಡುವಳು, ಬಾಯಿ ಬಿಡಳು.

ಸೂರಪ್ಪ ನಾಲ್ಕಾರು ದಿನ ಚೀಲವನ್ನು ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಳೆಯ ಕೋಟು ಹಾಕಿಕೊಂಡು ಅದೇ ರೈಲಿಗೆ ದಾವಣಗೆರೆಗೆ ಹೋದ. ರೈಲಿನಲ್ಲಿ, ಮಿಲ್ಲಿನ ನೇಯ್ಗೆ ಖಾತೆಯ ಹಯಾತ್ ಸಾಬ್ ಅವನಿಗೆ ಎಂದಿನಂತೆ ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟರು. ಸಂಜೆ ಮನೆಗೆ ಬಂದವನು ಕೋಟು ಬಿಚ್ಚುತ್ತ, ಮ್ಯಾನೇಜರು ಒಳ್ಳೆಯವರು, ತಪ್ಪಾಯಿತೆಂದು ಒಂದು ಕಾಗದ ಬರೆದುಕೊಟ್ಟರೆ ಸೋಮವಾರದಿಂದ ಬರಲು ಹೇಳಿದ್ದಾರೆ ಎಂದ.

ಕಾಟಮ್ಮ ದೇವರ ಮುಂದೆ ದೀಪ ಹಚ್ಚಲು ಎದ್ದಳು. ಬೊಮ್ಮಣ್ಣ ಆಗಬಹುದು ಎಂದು ತಲೆಯಾಡಿಸಿದ. ಕಮಲಕ್ಕ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಬ್ಯಾಡ," ಎಂದಳು. "ನೀವು ಹೋಗ್ರಿ."

"ಎಲ್ಲಿಗೆ?"

"ಎಲ್ಲಿಗೆ ಹೊಂಟಿದ್ರೋ ಅಲ್ಲಿಗೆ. ಹುಡುಗಿ ಸಂಬಂಧ ಮುರಿದಿದ್ದು ಮುರೀತು. ನೀವು ಈಗ ಮಿಲ್ಲಿಗೆ ಹೋದ್ರೆ ಅದು ತಿರುಗಿ ಬರ್ತೈತೇನು? ಇಲ್ಲೇ ಉಳೀತೀರಿ, ಊಟಕ್ಕೆ ಕೂತಾಗೆಲ್ಲ ಉಸಿರು ಬಿಡ್ತೀರಿ. ಅದನ್ನ ಕೇಳ್ಕೊಂತ ಮುದುಕಿ ಆಗೋವರೆಗೂ ನಾನು ರೊಟ್ಟಿ ಬಡೀಬೇಕು. ನನ್ನ ಕೈಲಾಗದು."

ಅತ್ತೆ ನಡುವೆ ಬಾಯಿ ಹಾಕಲು ಬಂದರೆ ಕಮಲಕ್ಕ ಕೈ ಅಡ್ಡ ಹಿಡಿದಳು. ಇಷ್ಟು ವರ್ಷದಲ್ಲಿ ಆಕೆ ಹಾಗೆ ಮಾಡಿದ್ದು ಅದೇ ಮೊದಲು.

"ನಂಗೆ ಸಿಟ್ಟು ಬಂದಿರೋದು ನೀವು ಹೋಗೋದಕ್ಕಲ್ಲ. ರಾಜೀನಾಮೆ ಕೊಡಾಕೆ ಮುಂಚೆ ನನ್ನ ಒಂದು ಮಾತು ಕೇಳಿದ್ರೇನು?"

"ಕೇಳಿದ್ರೆ ಬ್ಯಾಡ ಅಂತಿದ್ದಿ."

"ಹೌದು, ಅಂತಿದ್ದೆ. ಬ್ಯಾಡ ಅಂದು, ನಾಕು ದಿನ ಜಗಳಾಡಿ, ಆಮೇಲೆ ಹೋಗಿ ಬರ್ರಿ ಅಂತಿದ್ದೆ. ಆ ನಾಕು ದಿನದ ಜಗಳಾನೂ ನಂಗೆ ಕೊಡಲಿಲ್ಲ ನೀವು. ಊಟ ಮಾಡ್ತ ಮಾಡ್ತ, ಪಲ್ಯ ಹಾಕು ಅಂದಂಗೆ ಹೇಳಿದ್ರಿ."

ಆಕೆಯೇ ಮುಂದುವರಿಸಿದಳು. ಕೆಲಸ ಬಿಟ್ಟದ್ದಕ್ಕೆ ಮಿಲ್ಲಿನಿಂದ ಬರುವ ಹಣ ಮನೆಗೆ ಇರಲಿ, ದಾರಿಗೆ ಬೇಕಾದಷ್ಟು ಮಾತ್ರ ಒಯ್ಯಿರಿ, ದಸರಾದೊಳಗೆ ಬನ್ನಿ, ಬಾರದಿದ್ದರೆ ಹುಡುಕಲು ಯಾರನ್ನೂ ಕಳಿಸುವುದಿಲ್ಲ ಎಂದಳು. ಹೇಳಿ ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು.

ಯುಗಾದಿ ಕಳೆದ ಮೇಲೆ ಸೂರಪ್ಪ ಹೊರಟ. ಪೂನಾ ಕಡೆಯ ರೈಲಿಗೆ ಬೊಮ್ಮಣ್ಣ ಚೀಲ ಹೊತ್ತು ತಂದು ಹತ್ತಿಸಿದ. ಹುಷಾರು ಎಂದು ಹೇಳುವ ಬದಲು, ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಬೇಕು ಎಂದು ಗದರಿದ. ಕಾಟಮ್ಮ ಓಣಿಯಲ್ಲೆಲ್ಲ ಮಗ ಕಾಶಿಗೆ ಹೋದ ಎಂದೇ ಹೇಳಿದಳು. ಕೇಳಿದವರು ಹೌದೇ ಎಂದು, ಆಕೆ ಅತ್ತ ಹೋದ ಮೇಲೆ ನಕ್ಕರು.

ಮನೆಯಲ್ಲಿ ಉಣ್ಣುವವರು ಒಬ್ಬರು ಕಡಿಮೆಯಾದರು, ಒಂದು ಸಂಬಳ ಆಗಲೇ ನಿಂತಿತ್ತು. ಬೊಮ್ಮಣ್ಣನ ಜೊತೆ ಕಾರ್ಖಾನೆಯಲ್ಲಿ ಗದಗಿನ ಕಡೆಯ ಇಬ್ಬರು ಹುಡುಗರಿದ್ದರು. ಹೋಟೆಲಿನ ಅನ್ನ ತಿಂದು ಬೇಸತ್ತು ಅವರು ಮಧ್ಯಾಹ್ನ ಬೊಮ್ಮಣ್ಣನ ಬುತ್ತಿಯ ಮೇಲೇ ಕಣ್ಣಿಡುತ್ತಿದ್ದರು. ನಮಗೂ ರೊಟ್ಟಿ ಮಾಡಿಕೊಡುತ್ತಾರೇನು, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ ಎಂದು ಕೇಳಿಕಳಿಸಿದರು. ಕಮಲಕ್ಕ ಒಂದು ದಿನ ಯೋಚಿಸಿ ಒಪ್ಪಿದಳು. ಇಬ್ಬರು ನಾಲ್ವರಾದರು. ಮಳೆಗಾಲ ಹಿಡಿಯುವಷ್ಟರಲ್ಲಿ ಪಡಸಾಲೆಯಲ್ಲಿ ಸಾಲು ಹಿಡಿದು ಕೂರುವಷ್ಟು ಜನರಾದರು. ಓಣಿಯವರು ಅದನ್ನು ಕಮಲಕ್ಕನ ಖಾನಾವಳಿ ಎಂದು ಕರೆಯತೊಡಗಿದರು.

ಕಾಟಮ್ಮ ಮೊದಮೊದಲು ರೇಗಿದಳು. ಕಂಡವರಿಗೆ ಅನ್ನ ಮಾರುವ ಗತಿ ಬಂತಲ್ಲ, ಅವರು ಯಾವ ಜನವೋ ಏನೋ ಎಂದಳು. ಹಸಿದ ಜನ ಎಂದು ಸೊಸೆ ಹೇಳಿದಳು. ಆಮೇಲೆ ಯಾರೋ ಹುಡುಗ ಶೇಂಗಾ ಚಟ್ನಿಪುಡಿಯನ್ನು ಹೊಗಳಿದ. ಅದು ಕಾಟಮ್ಮ ಕುಟ್ಟಿದ್ದು. ಅಂದಿನಿಂದ ಆಕೆ ಬಾಗಿಲ ಬಳಿ ಕೂತು, ಯಾರು ತಟ್ಟೆಯಲ್ಲಿ ಬಿಟ್ಟರು ಎಂದು ನೋಡಿ ಬೈಯುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಮುರಿದ ಸಂಬಂಧ ಮಾತ್ರ ಕೂಡಲಿಲ್ಲ. ಶ್ರಾವಣದಲ್ಲಿ ಕೆಂಚವೀರಪ್ಪನವರ ಮಗನಿಗೆ ದಾವಣಗೆರೆಯಲ್ಲೇ ಬೇರೆ ಕಡೆ ಮದುವೆಯಾಯಿತು. ಆ ದಿನ ನೀಲಾ ಬೆಳಗಿನಿಂದ ಹಿಟ್ಟು ನಾದಿದಳು. ತಾಯಿ ಸಾಕು ಎಂದರೂ ನಿಲ್ಲಿಸಲಿಲ್ಲ. ಮರುವರ್ಷ ಅವಳಿಗೆ ರಾಣೆಬೆನ್ನೂರಿನ ಕಡೆ ಮದುವೆಯಾಯಿತು, ಬಾಳುವೆ ಚೆನ್ನಾಗಿಯೇ ಆಯಿತು. ಆದರೆ ಆ ಮಳೆಗಾಲದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಸೂರಪ್ಪನಿಂದ ಆಗೊಂದು ಈಗೊಂದು ಕಾರ್ಡು ಬಂತು. ಆಗ್ರಾದಿಂದ ಒಂದು, ಹರಿದ್ವಾರದಿಂದ ಒಂದು. ಕೊನೆಯದು ಬೆಟ್ಟದ ಊರಿನಿಂದ. ಅದರಲ್ಲಿ ಹಿಮ ನೋಡಿದೆ, ಅಂಗಿಗೆ ಗುಂಡಿ ನಾನೇ ಹಚ್ಚಿಕೊಂಡೆ ಎಂದು ಬರೆದಿತ್ತು. ಹಿಮ ನೋಡಲು ಹೋಗಿ ಗುಂಡಿಯ ಸುದ್ದಿ ಬರೆಯುತ್ತಾರೆ ಎಂದು ಕಮಲಕ್ಕ ಕಾರ್ಡನ್ನು ಬೊಮ್ಮಣ್ಣನ ಕೈಗೆ ಕೊಟ್ಟು ರೊಟ್ಟಿ ತಿರುವಿಹಾಕಲು ಓಡಿದಳು.

ದಸರೆಗೆ ಇನ್ನೂ ವಾರವಿರುವಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಸೂರಪ್ಪ ಬಂದ. ಕಪ್ಪಾಗಿದ್ದ, ಇಳಿದಿದ್ದ, ಗಡ್ಡ ಬಂದಿತ್ತು. ತನ್ನ ಮನೆಯ ಪಡಸಾಲೆಯಲ್ಲಿ ಗುರುತಿಲ್ಲದ ಗಂಡಸರು ಸಾಲಾಗಿ ಕೂತು ಉಣ್ಣುವುದನ್ನು ನೋಡಿ ಹೊಸ್ತಿಲಲ್ಲೇ ನಿಂತ. ತುದಿಯಲ್ಲಿ ಕೂತವನೊಬ್ಬ, ಈಗ ಜಾಗ ಇಲ್ಲ, ಎರಡನೇ ಪಂಕ್ತಿಗೆ ಕಾಯ್ರಿ ಎಂದ. ಸೂರಪ್ಪ ಆಗಲಿ ಎಂದು ಕಟ್ಟೆಯ ಮೇಲೆ ಕೂತ.

ರೊಟ್ಟಿ ಬುಟ್ಟಿ ಹಿಡಿದು ಬಂದ ಕಮಲಕ್ಕ ಅವನನ್ನು ನೋಡಿದಳು. ಬುಟ್ಟಿ ಕೆಳಗಿಡಲಿಲ್ಲ.

"ಚೀಲ ಅಲ್ಲಿ ಇಡಬ್ಯಾಡ್ರಿ, ಎಡವ್ತಾರೆ. ಕಾಲು ತೊಳ್ಕೊಂಡು ಒಳಗೆ ಬರ್ರಿ," ಎಂದು ಮುಂದಿನವನಿಗೆ ರೊಟ್ಟಿ ಹಾಕಿದಳು.

ಕಾಟಮ್ಮ ಮಗನ ಮುಖ ಸವರಿ ಅತ್ತಳು. ಅಳುತ್ತಲೇ ಮೂರನೆಯವನ ತಟ್ಟೆಯಲ್ಲಿ ಪಲ್ಯ ಉಳಿದದ್ದನ್ನು ನೋಡಿ ಅವನನ್ನು ಬೈದಳು. ನೀಲಾ ಅಪ್ಪನ ಮುಂದೆ ತಟ್ಟೆ ಇಟ್ಟಳು, ಕೇಳದೆಯೇ ಎರಡು ರೊಟ್ಟಿ ಹಾಕಿದಳು, ಒಳಗೆ ಹೋದಳು. ಅವಳಿಂದ ಮಾತು ಕೇಳಲು ಸೂರಪ್ಪ ಇನ್ನೂ ಬಹಳ ದಿನ ಕಾಯಬೇಕಾಯಿತು.

ಊಟವಾದವರು ಕಾರ್ಖಾನೆಗೆ ಹೋದರು. ಹಿತ್ತಿಲಿನಲ್ಲಿ ಎಂಜಲು ತಟ್ಟೆಗಳ ರಾಶಿ ಬಿದ್ದಿತ್ತು. ಸೂರಪ್ಪ ಯಾರೂ ಹೇಳದೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಬೂದಿ ಹಾಕಿ ತಿಕ್ಕತೊಡಗಿದ. ಕಮಲಕ್ಕ ಬಾಗಿಲಿಗೆ ಬಂದು ನೋಡಿದಳು. ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದು, ತಳದಲ್ಲಿ ಜಿಡ್ಡು ಹಾಗೇ ಇದೆ ಎಂದು ಅವನ ಮುಂದೆ ವಾಪಸು ಹಾಕಿದಳು. ಅವನು ಅದನ್ನು ಮತ್ತೆ ತಿಕ್ಕಿದ.

ಆಕೆ ಒಳಗೆ ಹೋಗಲು ತಿರುಗಿದವಳು ಹೋಗಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತಳು. ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಹಿಮ ಅಂದ್ರೆ ಹೆಂಗಿರ್ತೈತೆ, ಕೈಯಾಗೆ ಹಿಡಿದ್ರೆ?"

ಸೂರಪ್ಪ ತಟ್ಟೆ ಬಿಟ್ಟು ಯೋಚಿಸಿದ.

"ಮೊದ್ಲು ಸುಡ್ತೈತೆ. ಬೆಂಕಿ ಮುಟ್ಟಿದಂಗೆ. ಆಮೇಲೆ ಕೈ ಐತೋ ಇಲ್ಲೋ ಗೊತ್ತಾಗಲ್ಲ."

"ಬಿಸಿಲು ಬಿದ್ರೆ ಕರಗಲ್ಲೇನು?"

ಅವನು ಬೂದಿ ಮೆತ್ತಿದ ಕೈಗಳನ್ನೆತ್ತಿ ಬೆಟ್ಟದ ಆಕಾರ ತೋರಿಸುತ್ತ ಹೇಳತೊಡಗಿದ. ಒಳಗಿನಿಂದ ಕಾಟಮ್ಮ, ಕಲೆಸಿದ ಹಿಟ್ಟು ಒಣಗುತ್ತಿದೆ, ಸಂಜೆಯ ರೊಟ್ಟಿಗೆ ಯಾರು ಕೂರುವವರು ಎಂದು ಕೂಗಿದಳು.

"ಬಂದೆ ಇರ್ರಿ ಅತ್ತೆ," ಎಂದಳು ಕಮಲಕ್ಕ. ಆದರೆ ಏಳಲಿಲ್ಲ.